ಕಾವಕ್ಕನ ಕೈಗುಣ

ಬೇಸಿಗೆಯಲ್ಲಿ ಮರಿ ಮಾಡುವುದು ಯಾರಿಂದ ಬೇಕಾದರೂ ಆಗುವ ಕೆಲಸ ಎಂದು ಕಾವಕ್ಕ ಹೇಳುತ್ತಿದ್ದಳು. ಕೋಳಿ ಕೂರುತ್ತದೆ, ಕಾವು ಕೊಡುತ್ತದೆ, ಇಪ್ಪತ್ತೊಂದು ದಿನ ಕಳೆದರೆ ಮರಿ ಬರುತ್ತದೆ. ಅದರಲ್ಲಿ ನಮ್ಮ ದೊಡ್ಡಸ್ತಿಕೆ ಏನಿದೆ, ಎಲ್ಲ ಕೋಳಿಯದ್ದೇ. ಚಳಿಗಾಲದಲ್ಲಿ ಮಾಡಿ ತೋರಿಸಬೇಕು. ಕೋಳಿ ಕಾವಿಗೆ ಕೂರಲು ಸುತರಾಂ ಒಪ್ಪದ, ನಲ್ಲಿಯ ನೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುವ ಆ ಮೂರು ತಿಂಗಳಲ್ಲಿ ಚಿಪ್ಪಿನೊಳಗಿನ ಜೀವವನ್ನು ಉಳಿಸಿ, ಹೊರಗೆ ತಂದು, ಸಾಕಿ ದೊಡ್ಡದು ಮಾಡಿದರೆ ಅದಕ್ಕೆ ಕೈಗುಣ ಅನ್ನಬೇಕು. ಈ ಮಾತನ್ನು ಅವಳು ಲಾಂಡ್ರಿಯಲ್ಲಿ ಹೇಳುತ್ತಿದ್ದಳು, ಅಂಗಡಿಯಲ್ಲಿ ಹೇಳುತ್ತಿದ್ದಳು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದಳು. ಹನ್ನೊಂದು ಚಳಿಗಾಲ ಸಾಲಾಗಿ ಮಾಡಿ ತೋರಿಸಿದವಳು ಒಂದಿಷ್ಟು ಜಂಭ ಪಟ್ಟರೆ ಏನಂತೆ ಎಂದು ಬೀದಿಯವರು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು.

ಕಾವಕ್ಕ ಎಂದು ಅವಳನ್ನು ಮೊದಲು ಕರೆದದ್ದು ಲಾಂಡ್ರಿಯ ಹೆಂಗಸರು. ಆಸ್ಪತ್ರೆಗಳ ಹೊದಿಕೆ, ಗೌನು, ಟವೆಲ್ಲುಗಳನ್ನು ಒಗೆಯುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಇಸ್ತ್ರಿ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳಿಗೆ ಬಿಸಿ ಎಂದರೆ ಏನೆಂದು ಮಣಿಕಟ್ಟಿಗೇ ಗೊತ್ತಿತ್ತು. ಮೊಟ್ಟೆಯನ್ನು ಮುಚ್ಚಿದ ರೆಪ್ಪೆಗೆ ಒಂದು ಗಳಿಗೆ ತಾಗಿಸಿ, ಇದಕ್ಕೆ ಕಾವು ಸಾಲದು, ಇದಕ್ಕೆ ಹೆಚ್ಚಾಯಿತು ಎಂದು ಹೇಳಿಬಿಡುತ್ತಿದ್ದಳು. ಥರ್ಮಾಮೀಟರ್ ನೋಡಿದರೆ ಅದೂ ಹೌದೆನ್ನುತ್ತಿತ್ತು.

ಗಂಡನಿಗೆ ಬೀದಿಯ ಕೊನೆಯಲ್ಲಿ ಒಂದು ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಏನು ಕೆಟ್ಟರೂ ಅವನ ಹತ್ತಿರ. ಯಾರ ಮನೆಯಲ್ಲಿ ಕರೆಂಟು ಹೋದರೂ ಮೊದಲು ಅವನ ಹೆಸರು ಕೂಗುತ್ತಿದ್ದದ್ದರಿಂದ ಫ್ಯೂಸಣ್ಣ ಎಂದೇ ಹೆಸರಾಗಿದ್ದ. ಮಗಳಿಗೆ ಮದುವೆಯಾಗಿ ಅವಳ ಕೋಣೆ ಖಾಲಿಯಾದ ವರ್ಷ, ಕೆಟ್ಟ ಫ್ರಿಜ್ಜೊಂದರ ಹೊಟ್ಟೆಯನ್ನೆಲ್ಲ ಬಗೆದು, ಒಳಗೆ ಎರಡು ಬಲ್ಬು, ಹಳೆಯ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟು, ಅಂಗೈಯಗಲದ ಫ್ಯಾನು ಇಟ್ಟು, ಬಾಗಿಲಿಗೆ ಅಷ್ಟೇ ಅಗಲದ ಗಾಜಿನ ಕಿಂಡಿ ಕೂರಿಸಿ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿಕೊಟ್ಟವನು ಅವನೇ. "ಜನ ಫ್ರಿಜ್ಜಲ್ಲಿ ಮೊಟ್ಟೆ ಇಡ್ತಾರೆ ತಿನ್ನಕ್ಕೆ, ನಮ್ಮವಳು ಇಡ್ತಾಳೆ ಮರಿ ಮಾಡಕ್ಕೆ" ಎಂದು ಅಂಗಡಿಗೆ ಬಂದವರನ್ನೆಲ್ಲ ನಗಿಸುತ್ತಿದ್ದ. ಕಿಟಕಿಗೆ ಕಂಬಳಿ ಹೊದಿಸಿದ ಆ ಕೋಣೆ ಅವತ್ತಿನಿಂದ ಮರಿಕೋಣೆಯಾಯಿತು.

ಕಾವಕ್ಕನ ಕ್ರಮವೇ ಕ್ರಮ. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಲ್ಲಿ ಗುಣಿಸುವ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ. ದಿನಕ್ಕೆ ಮೂರು ಸಲ ಹೊರಳಿಸಬೇಕು. ಬೆಳಿಗ್ಗೆ ಆರಕ್ಕೆ ಲಾಂಡ್ರಿಗೆ ಹೊರಡುವ ಮುಂಚೆ ಅವಳು, ನಡುವೆ ಗಂಡ, ಸಂಜೆ ಮತ್ತೆ ಅವಳು. ಏಳನೇ ದಿನ ತೂತು ಕೊರೆದ ಡಬ್ಬಿಯೊಳಗೆ ಟಾರ್ಚ್ ಇಟ್ಟು, ಅದರ ಮೇಲೆ ಮೊಟ್ಟೆ ಹಿಡಿದು ನೋಡುವುದು. ಕೆಂಪು ನೂಲಿನಂತೆ ನರ ಕಂಡರೆ ಜೀವವಿದೆ, ಬೆಳ್ಳಗೆ ಖಾಲಿ ಇದ್ದರೆ ತೆಗೆ ಆಚೆ. ಹದಿನೆಂಟನೇ ದಿನ ಮತ್ತೊಮ್ಮೆ ನೋಡಿ ಬಾಗಿಲು ಮುಚ್ಚಿದರೆ ಮುಗಿಯಿತು, ಮರಿ ಬರುವವರೆಗೆ ಯಾರೂ ತೆರೆಯಕೂಡದು. ಮುಚ್ಚುವ ಮುಂಚೆ ಪೆಟ್ಟಿಗೆಯ ತಳದಲ್ಲಿದ್ದ ನೀರಿನ ತಟ್ಟೆಯನ್ನು ಹೊರಗೆ ತೆಗೆದಿಡಬೇಕು. ಇದು ಅವಳದೇ ಸ್ವಂತ ಶೋಧ. ಹಸಿ ಮೈಯಲ್ಲಿ ಹೊರಗೆ ಬರುವ ಮರಿಗೆ ಚಳಿಗಾಲದಲ್ಲಿ ಒದ್ದೆ ಗಾಳಿ ತಾಗಿದರೆ ಶೀತವಾಗಿ ಸಾಯುತ್ತದೆ ಎಂದು ಮೊದಲ ವರ್ಷ ಅವಳಿಗೆ ತೋಚಿತ್ತು. ಆ ವರ್ಷ ಹದಿನೇಳು ಮರಿಗಳು ಬಂದವು. ಅಲ್ಲಿಂದಾಚೆಗೆ ತಟ್ಟೆ ತೆಗೆಯುವುದು ಕಾನೂನಾಯಿತು.

ಮರಿ ಬರುವ ದಿನ ಮಾತ್ರ ಯಾಕೋ ಪ್ರತಿ ವರ್ಷ ಅವಳು ಲಾಂಡ್ರಿಯಲ್ಲಿರುತ್ತಿದ್ದಳು. ಕ್ಯಾಲೆಂಡರ್ ನೋಡಿ ಮೊಟ್ಟೆ ಇಡುವ ದಿನ ಗೊತ್ತು ಮಾಡುತ್ತಿದ್ದವನು ಫ್ಯೂಸಣ್ಣ. "ನೀನು ಹೋಗು, ನಾನಿರ್ತೀನಲ್ಲ. ನೀನು ಮನೇಲಿದ್ರೆ ಬಾಗಿಲು ತೆಗೆದು ತೆಗೆದು ನೋಡ್ತೀಯ" ಎನ್ನುತ್ತಿದ್ದ. ಅದೂ ನಿಜವೇ ಎಂದು ಅವಳು ಹೋಗುತ್ತಿದ್ದಳು. ಎರಡು ಗಂಟೆಗೆ ಪಾಳಿ ಮುಗಿಸಿ ಓಡೋಡಿ ಬಂದರೆ ಪೆಟ್ಟಿಗೆಯ ತುಂಬ ಕಂದು ಬಣ್ಣದ, ಒಣಗಿ ಉಬ್ಬಿಕೊಂಡ ಮರಿಗಳು. ಚಿಪ್ಪುಗಳನ್ನೆಲ್ಲ ಗಂಡ ಆಗಲೇ ಕಸದ ಗುಂಡಿಗೆ ಹಾಕಿ ಬಟ್ಟೆ ಬದಲಿಸಿರುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದು ಕಾವಕ್ಕ ಹಿಗ್ಗುತ್ತಿದ್ದಳು.

ಅಲ್ಲಿಂದ ಮುಂದಿನದು ಪೂರ್ತಿ ಅವಳ ರಾಜ್ಯ. ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಗೆ ಬಲ್ಬು ಇಳಿಬಿಟ್ಟು, ಇನ್ನೊಂದು ಮೂಲೆಯನ್ನು ತಣ್ಣಗೆ ಬಿಡುತ್ತಿದ್ದಳು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗುಪ್ಪೆಯಾದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಕೆ, ಅಲ್ಲಲ್ಲಿ ಕಾಲು ಚಾಚಿ ಮಲಗಿದರೆ ಸರಿ. ಒಂದೊಂದನ್ನೂ ಎತ್ತಿ ಕೊಕ್ಕನ್ನು ನೀರಿಗೆ ಅದ್ದಿ ಕುಡಿಯುವುದನ್ನು ಕಲಿಸುತ್ತಿದ್ದಳು. ಹಿಂಭಾಗಕ್ಕೆ ಹಿಕ್ಕೆ ಅಂಟಿ ಮುಚ್ಚಿಕೊಂಡ ಮರಿಯನ್ನು ಉಗುರು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ, ತನ್ನ ರವಿಕೆಯ ಬಿಸಿಗೆ ಒತ್ತಿಕೊಂಡು ಒಣಗಿಸುತ್ತಿದ್ದಳು. ಕಿಟಕಿಯ ಗಾಜಿನ ಮೇಲೆ ಮಂಜು ಹರಳುಗಟ್ಟುವ ದಿನಗಳಲ್ಲೂ ಅವಳ ಕೈಯಲ್ಲಿ ಒಂದು ಮರಿಯೂ ಸತ್ತದ್ದಿಲ್ಲ.

ಇಷ್ಟೆಲ್ಲ ಇದ್ದವಳಿಗೆ ಶಿಷ್ಯರು ಬೇಡವೇ? ಬಂದರು. ಪಾಠ ಕೇಳಿ ಹೋದವರೇ ಹೆಚ್ಚು, ಕೈಹಾಕಿ ಮಾಡಿದವಳು ಓರಗಿತ್ತಿಯೊಬ್ಬಳೇ, ಮೈದುನನ ಹೆಂಡತಿ. ನಾಲ್ಕು ಮನೆ ಆಚೆ ಇರುವವಳು, ಮನೆಯಲ್ಲೇ ಕೂತು ಪರದೆ, ದಿಂಬಿನ ಚೀಲ ಹೊಲಿಯುವವಳು. ಅವಳಿಗೂ ಫ್ಯೂಸಣ್ಣ ಅಂಥದೇ ಪೆಟ್ಟಿಗೆ ಮಾಡಿಕೊಟ್ಟ. ಕಾವಕ್ಕ ಹೇಳಿದ್ದನ್ನೆಲ್ಲ ಅವಳು ಚಾಚೂತಪ್ಪದೆ ಮಾಡಿದಳು. ಹದಿನೆಂಟನೇ ದಿನ ನೀರಿನ ತಟ್ಟೆಯನ್ನೂ ತೆಗೆದಳು. ಒಂದು ಮರಿಯೂ ಬರಲಿಲ್ಲ. ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿ, ಒಳಗಿನ ಪೊರೆ ಒಣಗಿ ಮೈಗೆ ಬಿಗಿದುಕೊಂಡು ಸತ್ತಿತ್ತು. ಮಾರನೇ ವರ್ಷವೂ ಅದೇ, ಅದರ ಮಾರನೇ ವರ್ಷವೂ ಅದೇ. ಮೂರನೇ ಸಲ ಕಾವಕ್ಕ ತಾಳ್ಮೆ ಕಳೆದುಕೊಂಡು, ನೀರು ಹಿಡಿಯಲು ನಿಂತಿದ್ದ ಹತ್ತು ಜನರ ಮುಂದೆ, "ಹೇಳಿಕೊಡಬಹುದು, ಕೈಗುಣ ಎಲ್ಲಿಂದ ತಂದುಕೊಡಲಿ? ನಿನಗದು ಇಲ್ಲ ಬಿಡು. ಸುಮ್ಮನೆ ಜೀವಗಳನ್ನು ಯಾಕೆ ಹಾಳುಮಾಡ್ತೀಯ?" ಎಂದಳು. ಓರಗಿತ್ತಿ ಕೊಡ ಎತ್ತಿಕೊಂಡು ಹೋದಳು. ಅಲ್ಲಿಂದೀಚೆಗೆ ಆ ಮಾತು ಬೀದಿಯ ತಮಾಷೆಯಾಯಿತು. ಯಾರ ಗಿಡ ಒಣಗಿದರೂ, ಯಾರ ಹಾಲು ಒಡೆದರೂ, "ಓರಗಿತ್ತಿ ಮುಟ್ಟಿದ್ಲೇನೋ" ಎಂದು ಕಾವಕ್ಕನೇ ಮೊದಲು ನಗುತ್ತಿದ್ದಳು. ಒಳ್ಳೆಯ ಹೆಂಗಸೇ, ಆದರೆ ಗೆದ್ದವರ ನಾಲಿಗೆಗೆ ಮೂಳೆ ಇರುವುದಿಲ್ಲ ನೋಡಿ.

ಹನ್ನೊಂದನೇ ಚಳಿಗಾಲ ಬಂತು. ಏಳನೇ ದಿನ ಗಂಡ ಹೆಂಡತಿ ಇಬ್ಬರೂ ಕೂತು ನೋಡಿದಾಗ ಹದಿನೆಂಟು ಮೊಟ್ಟೆಗಳಲ್ಲಿ ಕೆಂಪು ನೂಲು ಕಂಡಿತು. ಹದಿನೆಂಟನೇ ದಿನ ಕಾವಕ್ಕ ಒಬ್ಬಳೇ ನೋಡಿದಳು. ಮೂರರಲ್ಲಿ ಚಲನೆ ನಿಂತಿತ್ತು. ಅವನ್ನು ತೆಗೆದು, ತಟ್ಟೆ ಹೊರಗಿಟ್ಟು, ಹದಿನೈದರ ಮೇಲೆ ಬಾಗಿಲು ಮುಚ್ಚಿದಳು. ಅಂಗಡಿಯಲ್ಲಿ ಕೆಲಸ ಜಾಸ್ತಿಯಿದ್ದ ಗಂಡನಿಗೆ ಇದನ್ನು ಹೇಳುವುದು ಮರೆತೇಹೋಯಿತು.

ಇಪ್ಪತ್ತೊಂದನೇ ದಿನ ಲಾಂಡ್ರಿಯಿಂದ ಬಂದು ಬಾಗಿಲು ತೆರೆದಳು. ಮರಿಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತ ಎಣಿಸಿದಳು. ಹದಿನಾರು. ಮತ್ತೆ ಎಣಿಸಿದಳು. ಹದಿನಾರೇ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಚಪ್ಪಲಿ ಕೂಡ ಮೆಟ್ಟದೆ ಅಂಗಡಿಗೆ ಓಡಿದಳು.

"ರೀ, ಅವಳಿ ಆಗಿದೆ ಕಣ್ರೀ! ಒಂದು ಮೊಟ್ಟೇಲಿ ಎರಡು!"

ಫ್ಯೂಸಣ್ಣ ಮಿಕ್ಸಿಯ ತಂತಿಗೆ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಹೌದಾ? ಆಗತ್ತೆ, ಆಗತ್ತೆ. ಹಾಗೂ ಆಗತ್ತೆ" ಎಂದ.

"ಏನು ಆಗತ್ತೆ ಆಗತ್ತೆ! ಹದಿನೈದು ಮೊಟ್ಟೆಗೆ ಹದಿನಾರು ಮರಿ. ಎಲ್ಲಾದ್ರೂ ಕೇಳಿದ್ದೀರಾ?"

"ಹದಿನೈದಾ? ಹದಿನೆಂಟಲ್ವಾ ಇದ್ದಿದ್ದು?"

"ಮೂರು ತೆಗೆದೆನಲ್ಲ. ನಿಮಗೆ ಹೇಳ್ಲಿಲ್ವಾ?"

ಹೇಳಲಿಲ್ಲ ಎಂದು ಅವನು ತಲೆಯಾಡಿಸಿದ. ಬೆಸುಗೆಯ ಕಡ್ಡಿ ಮಿಕ್ಸಿಯ ಪ್ಲಾಸ್ಟಿಕ್ಕಿಗೆ ತಾಗಿ ವಾಸನೆ ಎದ್ದದ್ದು ಅವನಿಗೆ ತಿಳಿಯಲಿಲ್ಲ. ಅವನ ಮುಖ ಹುಳ್ಳಗಾಗಿತ್ತು. ಕಾವಕ್ಕನಿಗೆ ಆಗಲೂ ಏನೂ ಹೊಳೆಯಲಿಲ್ಲ, ಪಾಪ. ದಾರಿಯುದ್ದಕ್ಕೂ ಎದುರು ಸಿಕ್ಕವರಿಗೆಲ್ಲ ಅವಳಿಯ ಸುದ್ದಿ ಹೇಳುತ್ತಲೇ ಮನೆಗೆ ಬಂದಳು.

ಬಂದು ಮರಿಗಳ ಕೊಕ್ಕನ್ನು ನೀರಿಗೆ ಅದ್ದಲು ಕೂತಳು. ಬೇಸಿಗೆಯಲ್ಲಿ ಕೋಳಿಯ ಕೆಳಗೆ ಒಡೆದ ಮರಿಯ ಕೊಕ್ಕಿನ ತುದಿಯಲ್ಲಿ ಸಕ್ಕರೆ ಹರಳಿನಂಥ ಬಿಳಿ ಚುಕ್ಕೆ ಇರುತ್ತದೆ. ಅದರಿಂದಲೇ ಮರಿ ಚಿಪ್ಪನ್ನು ಒಳಗಿನಿಂದ ಕುಕ್ಕಿ ಒಡೆಯುವುದು. ಎರಡು ಮೂರು ದಿನಕ್ಕೆ ಉದುರಿಹೋಗುತ್ತದೆ. ಚಳಿಗಾಲದ ಮರಿಗಳಲ್ಲಿ ಅವಳು ಅದನ್ನು ಎಂದೂ ಕಂಡಿರಲಿಲ್ಲ. "ಚಳಿಗೆ ಬೇಗ ಉದುರತ್ತೆ" ಎಂದು ಶಿಷ್ಯರಿಗೆ ಪಾಠವನ್ನೂ ಹೇಳಿದ್ದಳು. ರೆಕ್ಕೆಯ ಗರಿ ಹುಟ್ಟಿದ ದಿನವೇ ಚಿಗುರಿರುವುದಕ್ಕೂ ಚಳಿಯೇ ಕಾರಣವೆಂದು ಅವಳ ಶಾಸ್ತ್ರ. ಈಗ ಹದಿನಾರನೆಯ ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಅದರ ನುಣ್ಣನೆಯ ಕೊಕ್ಕನ್ನು ನೋಡುತ್ತ ಅವಳು ಕೂತೇ ಇದ್ದಳು. ಮರಿಯನ್ನು ಬಲ್ಬಿನ ಹತ್ತಿರ ಬಿಟ್ಟು, ಎದ್ದು ಹಿತ್ತಿಲಿನ ಕಸದ ಗುಂಡಿಗೆ ಹೋದಳು.

ಮೇಲೆ ಬೂದಿ, ಅದರ ಕೆಳಗೆ ತರಕಾರಿ ಸಿಪ್ಪೆ, ಅದರ ಕೆಳಗೆ ಹಳೆಯ ಪೇಪರಿನ ಕಟ್ಟು. ಬಿಚ್ಚಿದರೆ ಮೊಟ್ಟೆಗಳು. ಒಂದೂ ಒಡೆದಿರಲಿಲ್ಲ. ಒಂದು ಮಗ್ಗುಲಿಗೆ ಗುಣಿಸುವ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ, ಅವಳದೇ ಕೈ. ಹದಿನೈದೂ ಇದ್ದವು. ಒಂದನ್ನು ರೆಪ್ಪೆಗೆ ತಾಗಿಸಿ ನೋಡಿದಳು. ಕಲ್ಲಿನಷ್ಟು ತಣ್ಣಗಿತ್ತು.

ಫ್ಯೂಸಣ್ಣ ಬರುವಾಗ ಅವಳು ಅಡುಗೆಮನೆಯ ಮೇಜಿನ ಮೇಲೆ ಆ ಹದಿನೈದನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಅವನು ಬಾಗಿಲಲ್ಲೇ ನಿಂತ.

"ಎಷ್ಟು ವರ್ಷದಿಂದ?"

"ಮೊದಲಿಂದ" ಎಂದ.

ಕೂತು ಹೇಳಿದ. ಮೊದಲ ವರ್ಷ ಅವಳು ಲಾಂಡ್ರಿಯಲ್ಲಿದ್ದಾಗ ಕಾದು ಕಾದು, ಇಪ್ಪತ್ತೆರಡನೇ ದಿನ ಒಡೆದು ನೋಡಿದ್ದ. ಎಲ್ಲವೂ ಒಳಗೇ ಸತ್ತಿದ್ದವು. ಚಳಿಗಾಲದಲ್ಲಿ ಮರಿ ಮಾಡುತ್ತಾಳಂತೆ ಎಂದು ಬೀದಿಯೆಲ್ಲ ಮೂಗು ಮುರಿದಿತ್ತು, ಇವಳು ನೋಡ್ತಿರಿ ಎಂದು ತೊಡೆ ತಟ್ಟಿಬಿಟ್ಟಿದ್ದಳು. ಮಗಳು ಹೋದ ಮೇಲೆ ಅವಳು ಮೊದಲ ಸಲ ನಗುನಗುತ್ತ ಓಡಾಡಿದ್ದು ಆ ಇಪ್ಪತ್ತು ದಿನಗಳಲ್ಲಿ. ಆ ಮುಖ ಇಳಿದುಹೋಗುವುದನ್ನು ನೋಡಲಾರದೆ ಪಕ್ಕದ ಊರಿನ ಮರಿಕೇಂದ್ರಕ್ಕೆ ಬಸ್ಸು ಹಿಡಿದಿದ್ದ. ದೊಡ್ಡ ಯಂತ್ರದಲ್ಲಿ ವರ್ಷವಿಡೀ ಮರಿ ಮಾಡುವವರು. ಬಸ್ಸಿನ ಚಳಿಗೆ ತಡೆಯಲಿ ಎಂದು ಮೂರು ದಿನದ ಮರಿಗಳನ್ನೇ ಆರಿಸಿ ತಂದಿದ್ದ. ಮುಂದಿನ ವರ್ಷದಿಂದ ಕಾಯುವುದನ್ನೂ ಬಿಟ್ಟ. ಮುಂಚೆಯೇ ತಂದಿಟ್ಟುಕೊಂಡು, ಅವಳು ಪಾಳಿಗೆ ಹೋದ ಕೂಡಲೆ ಬದಲಾಯಿಸುತ್ತಿದ್ದ. ಅನುಮಾನ ಬಾರದಿರಲಿ ಎಂದು ಯಾವಾಗಲೂ ಎರಡು ಮರಿ ಕಡಿಮೆ ತರುತ್ತಿದ್ದ. ಈ ಸಲ ಹದಿನೆಂಟರಲ್ಲಿ ಎರಡು ಕಳೆದು ಹದಿನಾರು; ತೆಗೆದ ಮೊಟ್ಟೆಗಳನ್ನು ಎಣಿಸುವ ಗೋಜಿಗೇ ಹೋಗಿರಲಿಲ್ಲ.

"ಈ ಮೊಟ್ಟೆಗಳು?" ಕಾವಕ್ಕ ಮೇಜಿನ ಮೇಲೆ ಕೈಯಿಟ್ಟಳು. "ತೆಗೆಯೋವಾಗ ಒಳಗೆ ಜೀವ ಇತ್ತಾ?"

"ನೋಡ್ಲಿಲ್ಲ."

"ಯಾವ ವರ್ಷವೂ?"

"ಮೊದಲನೇ ವರ್ಷ ಒಂದು ಬಿಟ್ಟು... ನೋಡ್ಲಿಲ್ಲ." ಅವನು ಅವಳ ಕೈ ಹಿಡಿಯಲು ಬಂದ. "ಸಾಕಿದ್ದು ನೀನೇ ಅಲ್ವೇನೇ? ಆ ಚಳೀಲಿ ಒಂದು ಮರೀನೂ ಸಾಯ್ಲಿಲ್ಲ. ಅದು ಸುಳ್ಳಾ? ನಿನಗೆ ನೋವಾಗಬಾರದು ಅಂತ ಮಾಡಿದ್ದು."

ಅವಳು ಕೈ ಎಳೆದುಕೊಂಡಳು. ಪ್ರೀತಿಯಿಂದ ಮಾಡಿದ್ದೇ, ಅದರಲ್ಲಿ ಅವಳಿಗೆ ಅನುಮಾನ ಹುಟ್ಟಲಿಲ್ಲ. ಕುಡುಕ ಗಂಡ ಹೊಡೆದರೆ ಬೀದಿ ಕೂಡಿಸಿ ಬೈಯಬಹುದು. ಕಣ್ಣಿಗೆ ಮಣ್ಣೆರಚಿ, ಅದೂ ನಿನ್ನ ಕಣ್ಣು ತಂಪಾಗಿರಲಿ ಎಂದೇ ಎರಚಿದೆ ಎನ್ನುವವನಿಗೆ ಏನೆಂದು ಬೈಯುವುದು? ಬೀದಿಯ ಮುಂದೆ ಹನ್ನೊಂದು ವರ್ಷ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸಿ, ಒಳಗೊಳಗೇ ಅವಳಿಂದ ಇದು ಆಗದ ಕೆಲಸ ಎಂದು ತೀರ್ಮಾನಿಸಿಬಿಟ್ಟಿದ್ದ.

ಆ ಹದಿನಾರು ಮರಿಗಳನ್ನು ಅವಳು ಸಾಕಿದಳು. ಅವುಗಳ ತಪ್ಪೇನು? ಎಂದಿನಂತೆ ನೀರು ಕುಡಿಸಿದಳು, ಒರೆಸಿದಳು, ಬಲ್ಬು ಏರಿಸಿ ಇಳಿಸಿದಳು. ಲಾಂಡ್ರಿಯಲ್ಲಿ "ಅವಳಿ ಮರಿ ಹೇಗಿವೆ ಕಾವಕ್ಕ?" ಎಂದು ಯಾರಾದರೂ ಕೇಳಿದರೆ ಇಸ್ತ್ರಿಪೆಟ್ಟಿಗೆಯನ್ನು ಗಟ್ಟಿಯಾಗಿ ಒತ್ತುತ್ತ "ಚೆನ್ನಾಗಿವೆ" ಎನ್ನುತ್ತಿದ್ದಳು. ಗಂಡನ ಜೊತೆ ಮಾತು ಬೇಕಾದಷ್ಟಕ್ಕೇ ಉಳಿಯಿತು: ಊಟಕ್ಕೆ ಬನ್ನಿ, ಸಿಲಿಂಡರ್ ಮುಗಿದಿದೆ, ಬಾಗಿಲು ಹಾಕಿಕೊಳ್ಳಿ.

ಆದರೆ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ. ನನ್ನ ಕೈಯಲ್ಲಿ ಆಗುತ್ತದೆಯೋ, ಇಲ್ಲವೋ? ಐವತ್ನಾಲ್ಕು ವರ್ಷದವಳಿಗೆ ತನ್ನ ಕೈಯ ವಿಷಯವೇ ಗೊತ್ತಿಲ್ಲದಂತಾಗಿತ್ತು. ಚಳಿ ಇನ್ನೂ ಎರಡು ತಿಂಗಳು ಇತ್ತು. ಹನ್ನೆರಡು ಮೊಟ್ಟೆ ಆರಿಸಿ, ಗುರುತು ಹಾಕಿ, ಪೆಟ್ಟಿಗೆಯಲ್ಲಿಟ್ಟು, ಮರಿಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಮಧ್ಯಾಹ್ನದ ಹೊರಳಿಸುವಿಕೆಗೆ ಲಾಂಡ್ರಿಯಿಂದ ಊಟದ ಬಿಡುವಿನಲ್ಲಿ ಓಡಿಬಂದು ಓಡಿಹೋಗುತ್ತಿದ್ದಳು.

"ಬಲ್ಬ್ ಹೋದ್ರೆ ಏನು ಮಾಡ್ತೀಯ?" ಫ್ಯೂಸಣ್ಣ ಕೇಳಿದ.

"ಬಲ್ಬ್ ಹಾಕಕ್ಕೆ ನನಗೆ ಬರತ್ತೆ."

ಹದಿನೆಂಟನೇ ದಿನ ಹತ್ತರಲ್ಲಿ ಜೀವ ಕುಣಿಯುತ್ತಿತ್ತು. ತನ್ನ ಕಾನೂನಿನಂತೆ ನೀರಿನ ತಟ್ಟೆ ತೆಗೆದು ಬಾಗಿಲು ಮುಚ್ಚಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಲಾಂಡ್ರಿಗೆ ಸಾಲಾಗಿ ರಜೆ ಹಾಕಿ ಪೆಟ್ಟಿಗೆಯ ಮುಂದೆ ಸ್ಟೂಲಿನ ಮೇಲೆ ಕೂತಳು. ಇಪ್ಪತ್ತೊಂದನೇ ದಿನ ಮಧ್ಯಾಹ್ನ ಒಂದು ಮೊಟ್ಟೆಯೊಳಗಿನಿಂದ ಚಿಂವ್ ಎಂಬ ಸದ್ದು ಬಂತು. ಬಾಗಿಲಿಗೆ ಕಿವಿ ಹಚ್ಚಿ ಕೂತಳು. ಸಂಜೆಯವರೆಗೆ ಅದು ಕೂಗಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತಿತು. ಇಪ್ಪತ್ತಮೂರನೇ ದಿನ ಬೆಳಿಗ್ಗೆ ತೆರೆದು ಒಂದೊಂದನ್ನೇ ಒಡೆದಳು. ಹತ್ತೂ ಪೂರ್ತಿ ಬೆಳೆದಿದ್ದವು. ಪೊರೆ ಒಣಗಿ, ತೊಗಲಿನಂತಾಗಿ, ಮೈಗೆ ಬಿಗಿದುಕೊಂಡಿತ್ತು. ಹೊರಳಲಾಗದೆ, ಕುಕ್ಕಲಾಗದೆ ಅಲ್ಲೇ ಸತ್ತಿದ್ದವು.

ಇದನ್ನು ಅವಳು ಮೊದಲು ಕಂಡಿದ್ದಳು. ಓರಗಿತ್ತಿ ಮೂರು ವರ್ಷ ತಂದು ತೋರಿಸಿದ್ದು ಇದನ್ನೇ. ಕೆಟ್ಟದ್ದು ಯಾರ ಕೈಯಿಂದಲೂ ಅಲ್ಲ, ನೀರಿನ ತಟ್ಟೆ ತೆಗೆದು ಒಳಗಿನ ಗಾಳಿ ಒಣಗಿದ್ದರಿಂದ. ಮೊದಲ ವರ್ಷವೇ ಈ ಹೆಣಗಳನ್ನು ನೋಡಿದ್ದರೆ ಎರಡನೇ ವರ್ಷ ತಟ್ಟೆಯನ್ನು ಅಲ್ಲೇ ಬಿಟ್ಟು ನೋಡುತ್ತಿದ್ದಳು. ಅಷ್ಟು ಬುದ್ಧಿ ಅವಳಿಗಿತ್ತು. ಗಂಡ ಅವಳ ತಪ್ಪನ್ನೇ ಕದ್ದು ಗುಂಡಿಗೆ ಹಾಕಿ ಬೂದಿ ಮುಚ್ಚಿದ್ದ. ಅದು ಸಿಕ್ಕಿದ್ದರೆ ತಾನೇ ತಿದ್ದಿಕೊಳ್ಳುವುದು? ತಾನು ಹತ್ತು ಜನರ ಮುಂದೆ ಓರಗಿತ್ತಿಗೆ ಅಂದ ಮಾತು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಅಂದೇ ಹೋಗಿ ತಪ್ಪಾಯಿತು ಎನ್ನಬೇಕು ಎಂದು ಎದ್ದಳು.

ಓರಗಿತ್ತಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಕಾವಕ್ಕ ನಿಂತೇ, ಒಂದೂ ಮುಚ್ಚಿಡದೆ ಎಲ್ಲ ಹೇಳಿದಳು. ಮರಿಕೇಂದ್ರ, ಗುಂಡಿ, ತಟ್ಟೆ. "ನಿನ್ನ ಕೈಗೆ ಏನೂ ಆಗಿರಲಿಲ್ಲ ಕಣೆ. ನಾನೇ ತಪ್ಪು ಹೇಳಿಕೊಟ್ಟೆ. ಮೇಲಿಂದ ನಿನ್ನನ್ನೇ ಬೈದೆ."

ಓರಗಿತ್ತಿ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ಆಶ್ಚರ್ಯ ಪಡಲಿಲ್ಲ.

"ಗೊತ್ತು ಅಕ್ಕ" ಎಂದಳು.

"ಏನು ಗೊತ್ತು?"

"ಮರಿ ತರೋದು. ಮೂರನೇ ವರ್ಷ ನೀವು ಹಾಗಂದ ದಿನ, ಭಾವನ ಅಂಗಡಿಗೆ ಹೋಗಿ ಅತ್ತುಬಿಟ್ಟೆ. ಪಾಪ ಅಂತ ಹೇಳಿದ್ರು. ಅಳಬೇಡ, ಅವಳಿಗೂ ಬರಲ್ಲ ಅಂತ. ನಿಮಗೆ ಹೇಳಬಾರದು ಅಂತ ಕೈ ಮೇಲೆ ಭಾಷೆ ತಗೊಂಡ್ರು."

ಕಾವಕ್ಕ ದಿಂಬಿನ ಚೀಲಗಳ ರಾಶಿಯ ಮೇಲೆ ಕೂತಳು.

"ಆಮೇಲೆ ನಾನೇ ತಟ್ಟೆ ತೆಗೆಯದೆ ನೋಡಿದೆ. ಒಂಬತ್ತು ಬಂದ್ವು. ನಾಲ್ಕು ಚಳಿಗಾಲ ಆಯ್ತು, ಬರ್ತಾ ಇವೆ. ಕೇಳಿದೋರಿಗೆ ಸಂತೆಯಿಂದ ತಂದೆ ಅಂತೀನಿ." ಓರಗಿತ್ತಿ ಮಡಿಲಲ್ಲಿದ್ದ ಬಟ್ಟೆಯ ದಾರ ಕೀಳುತ್ತಿದ್ದಳು. "ನೀವು ಎಲ್ಲರ ಮುಂದೆ ನನ್ನ ಆಡಿಕೊಳ್ತಿದ್ರಲ್ಲ ಅಕ್ಕ. ಮೊದಮೊದಲು ಮನೆಗೆ ಬಂದು ಅಳ್ತಿದ್ದೆ. ಆಮೇಲೆ ಒಳಗೊಳಗೇ ನಗ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ?"

ಅವಳು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಕಾವಕ್ಕ ಅವಳನ್ನು ಬೈಯಲಿಲ್ಲ, ಬೈಯುವ ಹಕ್ಕೂ ತನಗಿಲ್ಲವೆಂದು ಗೊತ್ತಿತ್ತು. ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಿ ಎದ್ದು ಬಂದಳು. ಕಾಲು ತಾನಾಗಿ ಅಂಗಡಿಯ ಕಡೆ ನಡೆಯಿತು.

"ಅವಳಿಗೆ ಹೇಳಿದ್ರಿ" ಎಂದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಅವಳು ಅತ್ತಳು ಅಂತ ಅವಳಿಗೆ ನಿಜ ಹೇಳಿದ್ರಿ. ನನಗೆ ಮರಿ ತಂದುಕೊಟ್ರಿ."

ಫ್ಯೂಸಣ್ಣ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟ.

"ನಾನೂ ಅತ್ತಿರ್ತಿದ್ದೆ ಕಣ್ರೀ. ಎರಡು ದಿನ ಅತ್ತು, ಮೂರನೇ ದಿನ ಎದ್ದು ಸರಿ ಮಾಡ್ಕೊಳ್ತಿದ್ದೆ. ಅಳಕ್ಕೂ ಬಿಡ್ಲಿಲ್ವಲ್ಲ ನೀವು?"

"ಇನ್ನು ಮೇಲೆ ಏನೂ ಮುಚ್ಚಿಡಲ್ಲ. ನಿನ್ನಾಣೆ."

"ಇನ್ನು ಮುಚ್ಚಿಡಕ್ಕೆ ಏನಿದೆ?" ಎಂದು ಅವಳು ಮನೆಗೆ ಹೋದಳು.

ಚಳಿಯ ಬಾಲ ಮಾತ್ರ ಉಳಿದಿದ್ದಾಗ ಅವಳು ಮತ್ತೆ ಹತ್ತು ಮೊಟ್ಟೆ ಇಟ್ಟಳು. ಈ ಸಲ ಯಾರಿಗೂ ಹೇಳಲಿಲ್ಲ. ಲಾಂಡ್ರಿಯಲ್ಲೂ ಇಲ್ಲ, ಬೀದಿಯಲ್ಲೂ 'ನೋಡ್ತಿರಿ' ಇಲ್ಲ. ಹದಿನೆಂಟನೇ ದಿನ ಎಂಟರಲ್ಲಿ ಜೀವವಿತ್ತು. ನೀರಿನ ತಟ್ಟೆಯನ್ನು ಅಂಚಿನವರೆಗೆ ತುಂಬಿಸಿದಳು, ಪಕ್ಕದಲ್ಲಿ ಇನ್ನೊಂದು ತಟ್ಟೆಯನ್ನೂ ಇಟ್ಟಳು, ಬಾಗಿಲು ಮುಚ್ಚಿದಳು. ಉಳಿದಿದ್ದ ರಜೆಯನ್ನೆಲ್ಲ ಹಾಕಿ ಸ್ಟೂಲಿನ ಮೇಲೆ ಕೂತಳು. ಕೋಣೆಗೆ ಒಳಗಿನಿಂದ ಚಿಲಕ.

ಫ್ಯೂಸಣ್ಣ ಆ ಮೂರು ದಿನ ಅಂಗಡಿ ತೆರೆಯಲಿಲ್ಲ. ಮರಿಕೋಣೆಯ ಬಾಗಿಲಾಚೆ ನೆಲದ ಮೇಲೆ ಕೂತಿರುತ್ತಿದ್ದ. ಟೀ ಮಾಡಿ ಹೊಸ್ತಿಲ ಹತ್ತಿರ ಇಡುತ್ತಿದ್ದ. ಅವಳು ಅವನು ಎದ್ದುಹೋದ ಮೇಲೆ ಚಿಲಕ ತೆಗೆದು ಲೋಟ ಒಳಗೆ ತೆಗೆದುಕೊಳ್ಳುತ್ತಿದ್ದಳು. "ಬಲ್ಬ್ ಸರಿ ಉರೀತಿದೆಯಾ?" ಎಂದು ಕೇಳಿದರೆ "ಉರೀತಿದೆ" ಎಂದಷ್ಟೇ ಒಳಗಿನಿಂದ ಉತ್ತರ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಕಿಂಡಿಯ ಗಾಜಿನಾಚೆ ಒಂದು ಚಿಪ್ಪಿನ ಮೇಲೆ ನಕ್ಷತ್ರದಂಥ ಸಣ್ಣ ಬಿರುಕು ಕಾಣಿಸಿತು. ಬಿರುಕು ಸುತ್ತ ಹರಡಿತು, ನಿಂತಿತು, ಮತ್ತೆ ಹರಡಿತು. ಹತ್ತೂವರೆಗೆ ಚಿಪ್ಪು ಟೋಪಿಯಂತೆ ಕಳಚಿಕೊಂಡು, ಹಸಿಹಸಿಯಾದ, ನೋಡಲು ಚೂರೂ ಚೆಂದವಿಲ್ಲದ ಒಂದು ಜೀವ ತಟ್ಟೆಯ ಪಕ್ಕಕ್ಕೆ ಉರುಳಿತು. ಅದರ ಹಿಂದೆ ಇನ್ನೊಂದು ಮೊಟ್ಟೆಗೆ ಬಿರುಕು. ಅದರ ಪಕ್ಕದಲ್ಲಿ ಇನ್ನೊಂದಕ್ಕೆ. ಒಣಗಿ ಉಬ್ಬಿದ ಮರಿಗಳನ್ನೇ ಕಂಡ ಅವಳಿಗೆ, ಪೆಟ್ಟಿಗೆಯ ಮರಿ ಹೀಗೆ ತೊಪ್ಪೆಯಾಗಿ, ಸುಸ್ತಾಗಿ, ತಲೆ ಎತ್ತಲಾರದೆ ಬರುವುದನ್ನು ಕಣ್ಣಾರೆ ನೋಡುವುದು ಇದೇ ಮೊದಲು. ತನ್ನದೇ ನಿಯಮ ಮುರಿದು ಬಾಗಿಲನ್ನು ಒಂದು ಕೈ ತೂರುವಷ್ಟು ತೆರೆದು ಅದನ್ನು ಎತ್ತಿಕೊಂಡಳು. ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕೆ ಇತ್ತು. ಅವಳ ಕಣ್ಣಿನಿಂದ ನೀರು ಸುರಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹನ್ನೊಂದು ವರ್ಷದ ಅಭ್ಯಾಸ ಗಂಟಲಿಗೆ ಬಂತು. 'ರೀ, ಬನ್ರೀ ಇಲ್ಲಿ' ಎಂದು ಕೂಗಬೇಕು. ಬಾಗಿಲಾಚೆ ಅವನು ಎದ್ದು ನಿಂತ ಸದ್ದು ಕೇಳಿತು. ಅವಳು ಬಿಕ್ಕಿದ್ದು ಅವನಿಗೆ ಕೇಳಿಸಿರಬೇಕು.

"ಬಂತೇನೇ?" ಎಂದು ಮೆಲ್ಲಗೆ ಕೇಳಿದ.

ಅಂಗೈಯಲ್ಲಿ ಮರಿ ಮಿಸುಕಿತು. ಕಾವಕ್ಕ ಅದನ್ನು ಕತ್ತಿನ ಬಿಸಿಗೆ ಒತ್ತಿಕೊಂಡು, ಅದರ ಸದ್ದು ಹೊರಗೆ ಹೋಗದಂತೆ ಸೆರಗು ಮುಚ್ಚಿದಳು.

"ಇಲ್ಲ ಕಣ್ರೀ" ಎಂದಳು. "ಒಂದೂ ಬರ್ಲಿಲ್ಲ."

ಅವನು ಬಾಗಿಲಿಗೆ ಹಣೆ ಒತ್ತಿದ ಸದ್ದಾಯಿತು. "ಹೋಗ್ಲಿ ಬಿಡು" ಎಂದ, "ಅಳಬೇಡ."

ಅವನು ನಂಬಿದ.